ಮಲ ಪರೀಕ್ಷೆಯ ರುಕ್ಮಿಣೀಬಾಯಿ

ಬಾದಾಮಿಯ ದವಾಖಾನೆಯಲ್ಲಿ ಪೂರ್ವದ ಕಿಟಕಿಯಿದ್ದ ಕೋಣೆ ರುಕ್ಮಿಣೀಬಾಯಿಯದು. ಕರೆಂಟನ್ನು ನಂಬುವ ಕಾಲವಲ್ಲ ಅದು. ಸೂಕ್ಷ್ಮದರ್ಶಕದ ಬುಡದಲ್ಲಿದ್ದ ಪುಟ್ಟ ಕನ್ನಡಿಯನ್ನು ಅತ್ತಿತ್ತ ತಿರುಗಿಸಿ, ಗುಡ್ಡ ದಾಟಿ ಬಂದ ಬಿಸಿಲನ್ನು ಅದರಲ್ಲಿ ಹಿಡಿಯುತ್ತಿದ್ದಳು.

ಹೊಟ್ಟೆನೋವಿನವರು ಬೆಳಗ್ಗೆ ಬಂದು ಬಾಗಿಲಲ್ಲಿ ನಾಚಿ ನಿಲ್ಲುತ್ತಿದ್ದರು. ಕಡ್ಡಿಪೆಟ್ಟಿಗೆಯಲ್ಲೋ ನಶ್ಯದ ಡಬ್ಬಿಯಲ್ಲೋ ಮುತ್ತಲದೆಲೆಯಲ್ಲೋ ತಂದದ್ದನ್ನು ಮೇಜಿನ ಮೇಲೆ ದೂಡಿ ಗೋಡೆಯ ಕಡೆ ಮುಖ ಮಾಡುತ್ತಿದ್ದರು. ರುಕ್ಮಿಣಿಗೆ ಮಾತ್ರ ಅಸಹ್ಯ ಯಾವತ್ತೋ ಹೋಗಿಬಿಟ್ಟಿತ್ತು. ಕಡ್ಡಿಯ ತುದಿಯಷ್ಟು ತೆಗೆದು, ಗಾಜಿನ ಮೇಲೆ ಒಂದು ಹನಿ ಉಪ್ಪುನೀರಿನಲ್ಲಿ ಕಲೆಸಿ ಕಣ್ಣಿಟ್ಟರೆ ದವಾಖಾನೆಯೇ ಕರಗಿಹೋಗುತ್ತಿತ್ತು. ಜಂತುಹುಳದ ಮೊಟ್ಟೆಗಳು ಬಂಗಾರದ ಗುಂಡುಗಳಂತೆ ತೇಲುತ್ತಿದ್ದವು. ಇನ್ನೊಂದು ಹುಳದ ಮೊಟ್ಟೆಗೆ ಮದ್ದಲೆಯ ಆಕಾರ. ಗಾಳಿಗೆ ಉದುರುವ ಎಲೆಯಂತೆ ಹೊರಳುತ್ತ ಸಾಗುವ ಜೀವಿಗಳೂ ಇದ್ದವು. ಡಾಕ್ಟರ್ ಅಂದಾನಪ್ಪನವರು ಕರೆದರೂ ಅವಳಿಗೆ ಕೇಳಿಸುತ್ತಿರಲಿಲ್ಲ. ಜವಾನ ಲಾಡಸಾಬ ಮೇಜು ತಟ್ಟಿ ಎಚ್ಚರಿಸಬೇಕಾಗುತ್ತಿತ್ತು.

ಮನೆಯಲ್ಲಿ ಕತೆ ಬೇರೆ. ತಾಯಿ ತುಳಸೀಬಾಯಿ ಕಟ್ಟಾ ಮಡಿಯ ಹೆಂಗಸು. ಮಗಳು ದವಾಖಾನೆಯಿಂದ ಬಂದೊಡನೆ ಹಿತ್ತಲಲ್ಲೇ ಅವಳ ತಲೆಗೆ ನೀರು ಸುರಿದು ಒಳಗೆ ಬಿಟ್ಟುಕೊಳ್ಳುತ್ತಿದ್ದಳು. ಓಣಿಯವರು ಕೇಳಿದರೆ ಮಗಳು ರಕ್ತ ಪರೀಕ್ಷೆ ಮಾಡುತ್ತಾಳೆ ಎನ್ನುತ್ತಿದ್ದಳು. ನಿಜ ಇಡೀ ಓಣಿಗೆ ಗೊತ್ತಿತ್ತು.

ಎಪ್ಪತ್ತೊಂಬತ್ತರ ಶ್ರಾವಣದಲ್ಲಿ ತುಳಸೀಬಾಯಿ ಸೊರಗತೊಡಗಿದಳು. ಉಪವಾಸದ ತಿಂಗಳಲ್ಲವೇ ಎಂದು ತಾನೇ ಸಮಾಧಾನ ಹೇಳಿದಳು. ಆದರೆ ಆಕೆ ಗೋಡೆ ಹಿಡಿದು ಮತ್ತೆ ಮತ್ತೆ ಹಿತ್ತಲಿಗೆ ಹೋಗುವುದು ಮಗಳ ಕಣ್ಣಿಗೆ ಬಿತ್ತು. ಸೀರೆಯಂಚಿನಲ್ಲಿ ರಕ್ತದ ಕಲೆಯೂ ಕಂಡಿತು. ಪರೀಕ್ಷೆ ಮಾಡದೆ ಔಷಧ ಹೇಳಲಾರೆ, ಮಲವನ್ನು ಬೆಚ್ಚಗಿರುವಾಗಲೇ ತರಬೇಕು ಎಂದರು ಅಂದಾನಪ್ಪನವರು. ತಾಯಿ ಕಿವಿ ಮುಚ್ಚಿಕೊಂಡಳು. ಸತ್ತರೂ ಚಿಂತೆಯಿಲ್ಲ, ಅದನ್ನು ಮಾತ್ರ ಯಾರ ಕೈಗೂ ಕೊಡೆ ಎಂದು ಹಟ ಹಿಡಿದಳು.

ಒಂದು ಮುಂಜಾನೆ ಆಕೆ ಹಿತ್ತಲ ಕಟ್ಟೆಯ ಮೇಲೆ ಸೋತು ಕುಳಿತಿದ್ದಳು. ರುಕ್ಮಿಣಿ ಪಕ್ಕದಲ್ಲಿ ಕೂತಳು.

"ಮಗಳ ಕೈಯಾಗ ಅದನ್ನ ಹ್ಯಾಂಗ ಕೊಡ್ಲಿ?" ಎಂದಳು ತಾಯಿ, ನೆಲ ನೋಡುತ್ತ.

"ನಾ ಸಣ್ಣಾಕಿದ್ದಾಗ ನನ್ನದೆಲ್ಲಾ ನೀ ಬಳದೀಯಲ್ಲವ್ವಾ. ಆವಾಗ ನಿನಗ ಹೇಸಿಗಿ ಬಂದಿತ್ತೇನು?"

ತುಳಸೀಬಾಯಿ ಗೋಡೆ ಹಿಡಿದು ಎದ್ದಳು. ಹಿತ್ತಲ ಮರೆಗೆ ಹೋಗಿ, ಮುಚ್ಚಿದ ಮಣ್ಣಿನ ಕುಡಿಕೆಯೊಂದನ್ನು ತಂದು ಮಗಳ ಮುಂದಿಟ್ಟು, ಸೆರಗಿನಲ್ಲಿ ಮುಖ ಮರೆಸಿಕೊಂಡಳು.

ರುಕ್ಮಿಣಿ ಕುಡಿಕೆಯನ್ನು ಎದೆಗವಚಿಕೊಂಡು ಓಣಿಗಳಲ್ಲಿ ಓಡಿದಳು. ಕನ್ನಡಿಗೆ ಬಿಸಿಲು ಸಿಕ್ಕಿತು. ಮೊದಲು ಕಂಡದ್ದು ಮಂಜು ಮಾತ್ರ. ನಂತರ ಮಂಜಿನೊಳಗೆ ಏನೋ ಅಲುಗಿತು. ನೀರಿನಷ್ಟೇ ತಿಳಿಯಾದ ಜೀವಿಯೊಂದು ಮೆಲ್ಲಗೆ ಒಂದು ಕೈ ಚಾಚಿತು. ಮರುಕ್ಷಣ ಅದರ ಇಡೀ ದೇಹ ಆ ಕೈಯೊಳಕ್ಕೇ ಹರಿದುಹೋಯಿತು. ಎಂಥ ಚೆಲುವು ಎಂದುಕೊಳ್ಳುವಷ್ಟರಲ್ಲಿ ಅದರ ಹೊಟ್ಟೆಯಲ್ಲಿ ಸಣ್ಣ ಸಣ್ಣ ದುಂಡು ಕಣಗಳು ಕಂಡವು. ಅವು ರಕ್ತದ ಕಣಗಳು, ಅವ್ವನ ರಕ್ತ. ಆದರೂ ಅವಳಿಗೆ ಕಣ್ಣು ಕೀಳಲಾಗಲಿಲ್ಲ. ಆಮಶಂಕೆಯ ಅಮೀಬಾ ಅದು. ಅಂದಾನಪ್ಪನವರೂ ನೋಡಿ, ತಲೆದೂಗಿ, ಗುಳಿಗೆ ಬರೆದುಕೊಟ್ಟರು.

ಗುಳಿಗೆ ಬಾಯೆಲ್ಲ ಕಹಿ ಮಾಡಿತು, ಆದರೆ ರಕ್ತ ನಿಂತಿತು. ವಾರ ಕಳೆಯುವುದರೊಳಗೆ ತುಳಸೀಬಾಯಿ ಬಿಸಿ ರೊಟ್ಟಿ ಕೇಳಿದಳು. ಹಿತ್ತಲ ಬಾವಿಯ ಪಕ್ಕದಲ್ಲೇ ಓಣಿಯ ಗಟಾರ ಹರಿಯುತ್ತಿತ್ತು. ಮಡಿಯಿಂದ ಸೇದಿದ ಆ ನೀರನ್ನು ಇನ್ನು ಕುದಿಸಿಯೇ ಕುಡಿಯಬೇಕು ಎಂದಳು ಮಗಳು. ಕುದಿಸಿದ್ದು ಮಡಿಗೆ ನಡೆಯುತ್ತದೆಯೇ ಎಂದು ತಾಯಿಗೆ ಅನುಮಾನ. ಬೆಂಕಿಗಿಂತ ದೊಡ್ಡ ಮಡಿ ಯಾವುದು ಎಂದು ಮಗಳು ಕೇಳಿದ್ದಕ್ಕೆ ಒಪ್ಪಿಕೊಂಡಳು.

ಚೇತರಿಸಿಕೊಂಡ ಮೇಲೆ ಒಂದು ದಿನ, ಕರೆಯದೆಯೇ, ತುಳಸೀಬಾಯಿ ದವಾಖಾನೆಗೆ ಬಂದಳು. ಲಾಡಸಾಬ ಸ್ಟೂಲು ಸರಿಸಿಕೊಟ್ಟ. ಯಾರದೋ ಮಲದ ಗಾಜಿನ ಮೇಲೆ ಬಾಗಿ, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ನೋಡಿದಳು.

"ಇಷ್ಟ ಛಂದ ಅದ ಏನ?" ಎಂದಳು ಕೊನೆಗೆ. "ನೀ ದಿನಾ ಇದನ್ನ ನೋಡತೀಯೇನ?"

ಹಿತ್ತಲ ಸ್ನಾನ ತಪ್ಪಲಿಲ್ಲ. ಆದರೆ ಅಂದಿನಿಂದ ಆಕೆ ನೀರನ್ನು ಬೆಚ್ಚಗೆ ಕಾಯಿಸಿಟ್ಟಿರುತ್ತಿದ್ದಳು. ಓಣಿಯಲ್ಲಿ ಯಾರಿಗಾದರೂ ಹೊಟ್ಟೆ ಕೆಟ್ಟರೆ, ನಾಚಬೇಡ, ನಮ್ಮ ರುಕ್ಮಿಣಿಗೆ ಒಯ್ದು ತೋರಿಸು ಎಂದು ತಾನೇ ಹೇಳತೊಡಗಿದಳು.

ಎಂಬತ್ತನಾಲ್ಕರಲ್ಲಿ ರುಕ್ಮಿಣಿಗೆ ಇಳಕಲ್ಲಿಗೆ ವರ್ಗವಾಯಿತು. ತಾಯಿಯೂ ಜೊತೆಗೆ ಬಂದಳು. ಸಂಜೆ ಮಗ್ಗಗಳ ಸದ್ದಿನ ನಡುವೆ ಇಬ್ಬರೂ ಪಡಸಾಲೆಯಲ್ಲಿ ಕೂತರೆ, ಇವತ್ತು ಏನೇನು ಕಂಡೆ ಎಂದು ತಾಯಿ ಕೇಳುವಳು. ಮಗಳು ಹೇಳುವಳು: ಉದುರುವ ಎಲೆಗಳನ್ನು, ಬಂಗಾರದ ಗುಂಡುಗಳನ್ನು. ಕೇಳುತ್ತ ಕೇಳುತ್ತ ಮುದುಕಿಯ ಕಣ್ಣುಗಳು ಮುಚ್ಚಿಕೊಳ್ಳುತ್ತಿದ್ದವು. ರುಕ್ಮಿಣಿ ಮಾತು ನಿಲ್ಲಿಸುತ್ತಿರಲಿಲ್ಲ. ದನಿ ತಗ್ಗಿಸಿ, ತನಗೇ ಎಂಬಂತೆ, ಇನ್ನೂ ಸ್ವಲ್ಪ ಹೊತ್ತು ಹೇಳುತ್ತಲೇ ಇರುತ್ತಿದ್ದಳು.