ಕಬ್ಬಿನ ಗಾಡಿಗಳ ಜಾಡಿಗೆ ಬಿದ್ದ ತಮ್ಮನ ಕಾರು

ಕಳೆದ ವರ್ಷ ಕಬ್ಬು ನುರಿಸುವ ಹಂಗಾಮು ಶುರುವಾದ ಹೊಸತರಲ್ಲಿ ನಡೆದದ್ದಿದು. ನನ್ನ ತಮ್ಮ ಮಲ್ಲಿಕಾರ್ಜುನ ತೀರಿಕೊಂಡು ಆಗ ಮೂರು ತಿಂಗಳಾಗಿತ್ತು. ರಬಕವಿಯಲ್ಲಿ ನಾನು ಮಗ್ಗ ನೋಡಿಕೊಳ್ಳುತ್ತೇನೆ, ಅವನು ಸೀರೆ ವ್ಯಾಪಾರಕ್ಕೆ ಊರೂರು ತಿರುಗುತ್ತಿದ್ದ. ಎದೆ ಹಿಡಿದಂತಾಗಿದೆ ಎಂದು ಸೀರೆ ಅಂಗಡಿಯೊಂದರ ಗಾದಿಗೆ ಒರಗಿದವನು ಮತ್ತೆ ಏಳಲಿಲ್ಲ.

ಅವನಿಗೆ ವೇಗದ ಕಾರಿನ ಹುಚ್ಚು. ಹಳೆಯದಾದರೂ ಜೋರಾದ ಎಂಜಿನ್ನಿನ ಕಾರೊಂದನ್ನು ಕೊಂಡಿದ್ದ. ಕೊಲ್ಲಾಪುರದ ಕಡೆ, ನಮ್ಮ ನಮ್ಮ ಕಾರುಗಳನ್ನೇ ರೇಸ್ ಟ್ರ್ಯಾಕಿನಲ್ಲಿ ಓಡಿಸಲು ಬಿಡುವ ದಿನವೊಂದಕ್ಕೆ ಹೆಸರು ಕೊಟ್ಟಿದ್ದ. ಸಾಯುವ ಮುಂಚಿನ ವಾರ ನನ್ನನ್ನೂ ಕರೆದುಕೊಂಡು ಹೋಗಿ, ಅಲ್ಲಿಯ ಒಬ್ಬ ಮೆಕ್ಯಾನಿಕರ ಬಳಿ ಟ್ರ್ಯಾಕಿಗೆ ತಕ್ಕಂತೆ ಗಾಲಿಗಳ ಅಲೈನ್‌ಮೆಂಟ್, ಅಂದರೆ ಅವು ನಿಲ್ಲುವ ಕೋನ, ಬದಲಾಯಿಸಿದ. ಓಡಿಸುವವನ ಭಾರ ಸೀಟಿನ ಮೇಲಿದ್ದರೇ ಅಳತೆ ಸರಿ ಬರುತ್ತದಂತೆ. ತಾನು ಕೆಳಗೆ ನಿಂತು ನೋಡಬೇಕೆಂದು ನನ್ನನ್ನು ಕೂರಿಸಿದ.

"ನೀ ಕುಂದರ್ ಅಣ್ಣಾ. ನಂದೂ ನಿಂದೂ ಮೈ ಒಂದ ಐತಿ. ಅಲಗಾಡಬ್ಯಾಡ ಮತ್ತ, ಫೋಟೋಕ್ಕ ಕುಂತಾಂಗ ಕುಂದರ್" ಎಂದು ನಕ್ಕ.

ಅವನೂ ಆ ಮೆಕ್ಯಾನಿಕರೂ ಗಾಲಿಯ ಬಳಿ ಬಗ್ಗಿ ಬಹಳ ಹೊತ್ತು ಮಾತಾಡಿದರು. ಗಾಜು ಏರಿಸಿದ್ದರಿಂದ ನನಗೇನೂ ಕೇಳಿಸಲಿಲ್ಲ. ವಾಪಸು ಬರುವಾಗ ಅವನೇ ಓಡಿಸಿದ, ಎಂದಿಗಿಂತ ನಿಧಾನವಾಗಿ.

ಅವನು ಹೋದ ಮೇಲೆ ಕಾರು ಶೆಡ್ಡಿನಲ್ಲೇ ಇತ್ತು. ವಾರಕ್ಕೊಮ್ಮೆ ಚಾಲೂ ಮಾಡಿ ಬಂದ್ ಮಾಡುತ್ತಿದ್ದೆ. ಹೀಗಿರುವಾಗ ತಮ್ಮನ ಹೆಂಡತಿ ಸುನಂದಾ ಮುಧೋಳದ ತವರಿಗೆ ಹೋಗಬೇಕಾಯಿತು. ಬಸ್ಸಿಗೆ ಕೂರಿಸುತ್ತೇನೆ ಎಂದೆ.

"ಬಸ್ಸಿನಾಗ ಎಲ್ಲಾರೂ ನನ್ನ ಹಣಿ ನೋಡ್ತಾರ್ರಿ ಭಾವಾರ. ಅವರ ಕಾರಿನಾಗ ಬಿಟ್ಟ ಬರ್ರಿ" ಎಂದಳು.

ಇಲ್ಲವೆನ್ನಲು ಆಗಲಿಲ್ಲ. ನಾಲ್ಕು ವರ್ಷದ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹಿಂದೆ ಕುಳಿತಳು.

ಮಹಾಲಿಂಗಪುರದವರೆಗೆ ಸ್ಟೇರಿಂಗ್ ಚೂರು ಚುರುಕು ಅನಿಸಿತು, ಅಷ್ಟೇ. ಸಕ್ಕರೆ ಕಾರ್ಖಾನೆಯಿರುವ ಸಮೀರವಾಡಿ ದಾಟಿದ ಮೇಲೆ ಎದುರಿಗೆ ಬರುವ ಕಬ್ಬಿನ ಗಾಡಿಗಳು ಹೆಚ್ಚಾದವು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ವರ್ಷ ವರ್ಷ ಓಡಾಡಿ ಡಾಂಬರನ್ನು ಒತ್ತಿ ಜಾಡು ಮಾಡಿದ್ದವು. ಮುಂದಿನ ಗಾಲಿ ಆ ಜಾಡಿನ ಅಂಚು ಮುಟ್ಟಿದ್ದೇ ತಡ, ಸ್ಟೇರಿಂಗ್ ನನ್ನ ಕೈಯಿಂದ ಕಿತ್ತುಕೊಂಡಂತೆ ತಿರುಗಿ ಕಾರು ಬಲಕ್ಕೆ ನುಗ್ಗಿತು. ಎದುರಿಗೆ ಲೋಡು ತುಂಬಿದ ಟ್ರ್ಯಾಕ್ಟರ್. ಎಡಕ್ಕೆ ಎಳೆದೆ. ಗಾಲಿ ಒಂದು ಗಳಿಗೆ ಕೇಳಲೇ ಇಲ್ಲ. ಕೇಳಿದಾಗ ಬೇಕಾದ್ದಕ್ಕಿಂತ ಹೆಚ್ಚು ತಿರುಗಿತು. ಟ್ರೇಲರಿನ ಹೊರಗೆ ಚಾಚಿದ್ದ ಕಬ್ಬು ನನ್ನ ಬಾಗಿಲನ್ನು ಉದ್ದಕ್ಕೂ ಕೆರೆಯುತ್ತ ಹೋಯಿತು. ಕಾರು ರಸ್ತೆಯಿಂದಿಳಿದು ಕರಿಮಣ್ಣಿನಲ್ಲಿ ಹೂತು ನಿಂತಿತು.

ಹಿಂದೆ ತಿರುಗಿ ನೋಡಲು ಧೈರ್ಯ ಬರಲಿಲ್ಲ. ತಮ್ಮನದೆಂದು ಉಳಿದಿದ್ದ ಎರಡು ಜೀವಗಳು ಆ ಸೀಟಿನಲ್ಲಿದ್ದವು.

"ಸುನಂದಾ" ಎಂದೆ.

ಹಿಂದಿನಿಂದ ಅವಳ ದನಿ ಬಂತು. "ಅದೀವ್ರಿ."

ಮಗು ಎದ್ದು ಅಳತೊಡಗಿತು. ಆ ಅಳು ಕೇಳಿದ ಮೇಲೆಯೇ ನಾನು ಬಾಗಿಲು ತೆಗೆದು ಕೆಳಗಿಳಿದೆ.

ಟ್ರ್ಯಾಕ್ಟರಿನವನು ಇಳಿದು ಬಂದ. "ಏನ್ ಯಜಮಾನ್ರ, ಹೆಣ್ಮಕ್ಕಳನ್ನ ಕುಂಡ್ರಿಸಿಕೊಂಡ ಸರ್ಕಸ್ ಮಾಡ್ತೀರೇನ? ಗಾಡಿ ಇದ್ರ ಸಾಕಾ, ಹೊಡ್ಯಾಕ ಬರಬ್ಯಾಡಾ?" ಎಂದವನು ನನ್ನ ಮುಖ ನೋಡಿ ದನಿ ಇಳಿಸಿದ. ನೀರಿನ ಬಾಟಲಿ ತಂದು ಕೈಗಿಟ್ಟ. "ಮೊದಲ ನೀರ ಕುಡೀರಿ. ಉಳಿದದ್ದ ಆಮ್ಯಾಲ ಬೈತೀನಿ."

ಅವನೇ ಇನ್ನಿಬ್ಬರನ್ನು ಕರೆದು ಕಾರನ್ನು ರಸ್ತೆಗೆ ದೂಡಿಸಿದ. ಹಿಂದೆ ಬರುವ ಬಸ್ಸು ಹತ್ತಿಸುತ್ತೇನೆಂದು ಸುನಂದಾಳಿಗೆ ಹೇಳಿದೆ. ಅವಳು ಇಳಿಯಲಿಲ್ಲ.

"ನೀವೊಬ್ರ ಹೋಗಿ ಏನರ ಆದ್ರ, ಮನ್ಯಾಗ ಕುಂತ ಇನ್ನೊಂದ ಸುದ್ದಿ ಕೇಳಾಕ ನನ್ನ ಕೈಲಿ ಆಗಂಗಿಲ್ರಿ."

ರಸ್ತೆಯ ಅಂಚಿಗೆ, ಎತ್ತಿನ ಗಾಡಿಯಂತೆ ಮೆಲ್ಲಗೆ ಸಾಗಿ ಮುಧೋಳ ಮುಟ್ಟಿದೆವು. ನೇರವಾಗಿ ಅಲೈನ್‌ಮೆಂಟ್ ಅಂಗಡಿಗೆ ಹೋದೆ. ಅಳತೆಯ ಯಂತ್ರದ ಪರದೆಯ ಮೇಲೆ ಅಂಕಿಗಳೆಲ್ಲ ಕೆಂಪಾದವು.

"ಗಾಡಿ ಎಲ್ಲೆರ ಬಡದೈತೇನ್ರಿ? ಮುಂದಿನ ಗಾಲಿ ಮ್ಯಾಲಿಂದ ಒಳಗ ವಾಲ್ಯಾವು, ಮೂತಿ ಹೊರಗ ಮಾಡ್ಯಾವು" ಎಂದ ಅಂಗಡಿಯವನು.

ತಮ್ಮನ ಮೊಬೈಲ್ ನನ್ನ ಬಳಿಯೇ ಇತ್ತು. ಅದರಿಂದ ಕೊಲ್ಲಾಪುರದ ಆ ಮೆಕ್ಯಾನಿಕರಿಗೆ ಫೋನ್ ಮಾಡಿದೆ. ಅವನ ಹೆಸರು ಕಂಡು ಅವರು ಮರಾಠಿಯಲ್ಲಿ, ಟ್ರ್ಯಾಕಿಗೆ ಯಾಕಪ್ಪಾ ಬರಲಿಲ್ಲ, ಹೆದರಿದೆಯಾ ಎಂದು ನಕ್ಕರು. ಅವನಿಲ್ಲ ಎಂದು ಹೇಳಬೇಕಾಯಿತು. ಅವರು ನಗು ನಿಲ್ಲಿಸಿ, ಕಾರಿಗೆ ಏನಾಯಿತೆಂದು ಕೇಳಿಕೊಂಡರು. ಆಮೇಲೆ ಮೆಲ್ಲಗೆ ವಿವರಿಸಿದರು. ತಿರುವಿನಲ್ಲಿ ಕಾರು ನೆಲ ಕಚ್ಚಿ ಬೇಗ ತಿರುಗಲೆಂದೇ ಗಾಲಿಗಳನ್ನು ಹಾಗೆ ಕೂರಿಸಿದ್ದು. ನುಣ್ಣನೆಯ ಟ್ರ್ಯಾಕಿಗೆ ಅದು ಸರಿ, ಜಾಡು ಬಿದ್ದ ರಸ್ತೆಯಲ್ಲಿ ಕಾರು ಜಾಡನ್ನೇ ಹುಡುಕಿಕೊಂಡು ಓಡುತ್ತದೆ. ಟ್ರ್ಯಾಕಿನ ದಿನ ಮುಗಿದ ಕೂಡಲೇ ಮೊದಲಿನಂತೆ ಮಾಡಿಸಬೇಕೆಂದು ಅವನಿಗೆ ಹೇಳಿದ್ದರಂತೆ.

"ಕಂಪನಿ ಅಳತಿಗೆ ತರ್ಲೇನ್ರಿ?" ಎಂದು ಅಂಗಡಿಯವನು ಬೋಲ್ಟು ತಿರುಗಿಸುವ ಪಾನಾ ಹಿಡಿದು ಕೇಳಿದ.

ನಾನು ಸುನಂದಾಳ ಕಡೆ ನೋಡಿದೆ. ನನ್ನ ತಮ್ಮ ಆಸೆಪಟ್ಟು ಮಾಡಿಸಿದ ಕೊನೆಯ ಕೆಲಸ ಅದು.

"ಮಾಡ್ರಿ" ಎಂದಳು. ಮರುಕ್ಷಣವೇ "ಚೂರ ತಡೀರಿ" ಎಂದು ಬಂದು, ಮುಂದಿನ ಗಾಲಿಯ ಮೇಲೆ ಕೈಯಿಟ್ಟು ನಿಂತಳು. ಅಂಗಡಿಯವನು ಪಾನಾ ಕೆಳಗಿಟ್ಟು ಕಾದ.

ಅಲ್ಲಿಂದ ಅವಳ ತವರಿನವರೆಗೆ ಕಾರು ನೆಟ್ಟಗೆ ಓಡಿತು. ಮನೆ ಮುಂದೆ ಇಳಿಯುವಾಗ ಸುನಂದಾ, "ಈಗ ಇದು ಯಾರದರ ಕಾರ ಆಗಬಹುದ ನೋಡ್ರಿ ಭಾವಾರ, ಅವರದ ಅನಸಂಗಿಲ್ಲ" ಎಂದಳು.

ಈಗಲೂ ಕಬ್ಬಿನ ಟ್ರ್ಯಾಕ್ಟರ್ ಎದುರಾದರೆ ಗಾಡಿಯನ್ನು ಬದಿಗೆ ನಿಲ್ಲಿಸಿಬಿಡುತ್ತೇನೆ. ಆದರೆ ಅದಕ್ಕಿಂತ ದೊಡ್ಡ ಹೆದರಿಕೆ ಬೇರೆಯೇ ಇದೆ. ಅಂದು ಕಾರು ನೆಟ್ಟಗೆ ಓಡಿದಾಗ ನನ್ನ ಎದೆ ಹಗುರಾಗಿತ್ತು. ಹೀಗೆ ಒಂದೊಂದೇ ಸರಿಹೋಗುತ್ತ ಬಂದರೆ, ಅವನದೆಂದು ನನ್ನಲ್ಲಿ ಏನು ಉಳಿದೀತು?