ಅಡಿಗೆ ನಡೆಯುವ ಬಾಟಲಿ

ಆ ಶನಿವಾರ ಬೆಳಿಗ್ಗೆ ವೈನಿಯ ಬಳೆಗಳು ಮೊಣಕೈ ಹತ್ತಿರ ಇದ್ದವು. ನೀರಿಗೆ ಕೈಹಾಕುವ ಮುನ್ನ ಅವನ್ನು ಮೇಲಕ್ಕೆ ಸರಿಸಿ ರಬ್ಬರ್ ಬ್ಯಾಂಡ್ ಬಿಗಿದುಕೊಳ್ಳುವುದು ಅವರ ರೂಢಿ. ಕೊಲ್ಲಿಯ ದಂಡೆಯ ಮರದ ಕಟ್ಟೆಯ ಮೇಲೆ ಕುಳಿತು, ಒಂದು ಗಾಜಿನ ಬಾಟಲಿಗೆ ಚಪಾತಿ ಸುತ್ತುವ ಫಾಯಿಲ್ ಸುತ್ತುತ್ತಿದ್ದರು. ಇನ್ನೊಂದಕ್ಕೆ ಏನೂ ಸುತ್ತಲಿಲ್ಲ. ಎರಡರಲ್ಲೂ ಇದ್ದದ್ದು ಅದೇ ಕೊಲ್ಲಿಯ ನೀರು.

ವೈನಿ ನನ್ನ ಅಣ್ಣನ ಹೆಂಡತಿ. ಹ್ಯೂಸ್ಟನ್ನಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದರು. ನದಿ ಬಂದು ಸಮುದ್ರ ಸೇರುವ ಅಳಿವೆಯ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಏನು ತಿಂದು ಬದುಕುತ್ತವೆ, ಅವನ್ನು ಯಾವುದು ತಿನ್ನುತ್ತದೆ ಎಂಬುದು ಅವರ ವಿಷಯ. ನಾನು ಪಿಯುಸಿ ಓದಿದವಳು. ನಾನಿದ್ದ ಊರು ಫ್ರಿಸ್ಕೋದಿಂದ ರಜೆಗೆ ಅವರ ಮನೆಗೆ ಬಂದಾಗಲೆಲ್ಲ ಜೊತೆಗೆ ಹೋಗುತ್ತಿದ್ದೆ. ಬಾಟಲಿಗೆ ಆಕ್ಸಿಜನ್ ಅಳೆಯುವ ಮೀಟರ್ ಅದ್ದಿ ಸಂಖ್ಯೆ ಓದಿ ಹೇಳುವುದು ನನ್ನ ಕೆಲಸ.

"ಧಾರವಾಡದಾಗ ಕೆರಿ ಬಿಟ್ಟು ಬ್ಯಾರೆ ನೀರ ನೋಡಲಾರದಾಕಿ, ಇಲ್ಲಿ ಬಂದು ಸಮುದ್ರದ ನಾಡಿ ಹಿಡಿತಾಳ," ಎಂದು ಅಣ್ಣ ಕಾಡಿಸುತ್ತಿದ್ದ.

"ನಿಮ್ಮ ನಾಡಿಕಿಂತ ಅದು ಲಗೂ ತಿಳಿತದ್ರಿ," ಎನ್ನುತ್ತಿದ್ದರು ವೈನಿ.

ಅವರ ಫ್ರಿಜ್ಜಿನಲ್ಲಿ ಮೊಸರಿನ ಡಬ್ಬಿಗಳ ಪಕ್ಕದಲ್ಲೇ ಕೊಲ್ಲಿಯ ನೀರಿನ ಡಬ್ಬಿಗಳೂ ಇರುತ್ತಿದ್ದವು. ಒಮ್ಮೆ ಅಣ್ಣ ತಿಳಿಮಜ್ಜಿಗೆ ಎಂದುಕೊಂಡು ಒಂದು ಗುಟುಕು ಕುಡಿದೇಬಿಟ್ಟ. ವೈನಿ ಮೊದಲು ಕೇಳಿದ್ದು, "ಎಷ್ಟ ಉಳಿಸೀರಿ?"

ಬಾಟಲಿಗಳು ಯಾಕೆ ಎಂದು ನಾನು ಕೇಳಿದಾಗ ಹೇಳಿದ್ದರು: "ನೀರಾಗಿನ ಹಸರು ಕಣಗಳು ಬಿಸಲಾಗ ಅಡಿಗಿ ಮಾಡ್ತಾವ. ಆಗ ಆಕ್ಸಿಜನ್ ಬರ್ತದ. ಅದನ್ನ ಉಣ್ಣೋವು ಆಕ್ಸಿಜನ್ ಖರ್ಚ ಮಾಡ್ತಾವ. ಸುತ್ತಲಾರದ ಬಾಟ್ಲಿಯೊಳಗ ಅಡಿಗೀನೂ ನಡೀತದ, ಊಟಾನೂ ನಡೀತದ. ಸುತ್ತಿದ್ದರಾಗ ಬಿಸಲಿಲ್ಲ, ಬರೇ ಊಟ. ಎರಡರಾಗಿನ ಆಕ್ಸಿಜನ್ ಅಳದು ಫರಕ ನೋಡಿದ್ರ ಅಡಿಗಿ ಎಷ್ಟಾತು ಗೊತ್ತಾಗ್ತದ."

"ಉಂಡವು ಬಿಟ್ಟ ಹೊಲಸು?"

"ಅದ ನಾಳಿನ ಅಡಿಗಿಗೆ ಗೊಬ್ಬರ. ಇಲ್ಲಿ ಯಾವದೂ ದಂಡ ಆಗಂಗಿಲ್ಲವಾ."

ಆ ಬೇಸಿಗೆಯಲ್ಲಿ ದೊಡ್ಡ ಮಳೆಯಾಗಿ ಊರಿನ ಕೆಸರೆಲ್ಲ ಕೊಲ್ಲಿಗೆ ಬಂದಿತ್ತು. ಬಿಸಿಲು ನೀರಿನೊಳಗೆ ಇಳಿಯುತ್ತಿರಲಿಲ್ಲ. ವಾರವಾರವೂ ಎರಡು ಬಾಟಲಿಗಳೂ ಹೆಚ್ಚುಕಡಿಮೆ ಒಂದೇ ಸಂಖ್ಯೆ ತೋರಿಸುತ್ತಿದ್ದವು. "ಒಲಿ ಹತ್ತವಲ್ದು," ಎಂದು ವೈನಿ ತಟ್ಟೆಯ ಮುಂದೆ ಉಣ್ಣದೆ ಕೂಡುತ್ತಿದ್ದರು. ಆ ಶನಿವಾರ ನೀರು ಸ್ವಲ್ಪ ತಿಳಿಯಾಗಿತ್ತು. ಬಾಟಲಿಗಳನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, "ನಾಳೆ ಮುಂಜಾನೆ ತಗೀಬೇಕು. ತಡಾ ಆದ್ರ ಎಲ್ಲಾ ಕೆಟ್ಟಂಗ," ಎಂದರು.

ಸಂಜೆ ಚಹಾ ಸೋಸುತ್ತಿದ್ದವರು ಅಲ್ಲೇ ಕುಸಿದರು. ಹೃದಯದ ತೊಂದರೆ, ನಾಳೆ ಮಧ್ಯಾಹ್ನ ಆಪರೇಷನ್ ಎಂದರು ಆಸ್ಪತ್ರೆಯಲ್ಲಿ. ಬೆಳಗಾದ ಮೇಲೆ ವೈನಿ ನನ್ನನ್ನು ಹತ್ತಿರ ಕರೆದು, "ಬಾಟ್ಲಿ," ಎಂದರು.

"ಈಗೇನ ಅದು!" ಅಣ್ಣ ಸಿಟ್ಟಾದ.

ವೈನಿ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಕಾರಿನ ಕೀಲಿ ತೆಗೆದುಕೊಂಡೆ.

ಆ ಊರಲ್ಲಿ ಅಷ್ಟು ದೂರ ಒಬ್ಬಳೇ ಡ್ರೈವ್ ಮಾಡಿದ್ದು ಅದೇ ಮೊದಲು. ಹಗ್ಗ ಎಳೆದೆ, ಮೀಟರ್ ಅದ್ದಿದೆ, ಎರಡು ಸಂಖ್ಯೆಗಳನ್ನು ಅಂಗೈ ಮೇಲೆ ಬರೆದುಕೊಂಡು ಹಿಂತಿರುಗಿದೆ. ಮಂಚದ ಪಕ್ಕ ನಿಂತು ಓದಿದೆ. ಒಂದು ಇನ್ನೊಂದಕ್ಕಿಂತ ಬಹಳ ದೊಡ್ಡದಿತ್ತು.

"ಯಾವದು ಯಾವ ಬಾಟ್ಲಿದು?"

ಗಡಿಬಿಡಿಯಲ್ಲಿ ಅದನ್ನು ಬರೆದುಕೊಂಡಿರಲಿಲ್ಲ. ಅಂಗೈಯನ್ನು ಮತ್ತೊಮ್ಮೆ ನೋಡಿ ಹೇಳಿದೆ, "ದೊಡ್ಡದು ಸುತ್ತಲಾರದ ಬಾಟ್ಲಿದ ಇರಬೇಕಲ್ರಿ ವೈನಿ. ಅಡಿಗಿ ಅದರಾಗಷ್ಟ ಆಗ್ತದಲ್ಲ."

ವೈನಿ ನಕ್ಕರು. "ಒಲಿ ಹತ್ತೇದ್ರಿ," ಎಂದು ಅಣ್ಣನಿಗೆ ಹೇಳಿದರು. ಆಮೇಲೆ ನನ್ನ ಕೈ ಹಿಡಿದು, "ನೀ ಪಾಸಾದಿ. ಈ ಅಡಿಗಿ ಯಾರ್ಯಾರು ಉಣ್ತಾರ, ಅದನ್ನ ಮನಿಗೆ ಬಂದ ಮ್ಯಾಲ ಕಲಸ್ತೀನಿ," ಎಂದರು.

ಆಪರೇಷನ್ ಆದ ಮೇಲೆ ಅವರಿಗೆ ಎಚ್ಚರವಾಗಲಿಲ್ಲ.

ಈಗಲೂ ರಜೆಗೆ ಹೋದಾಗ ಅಣ್ಣನಿಗೆ ಊಟಕ್ಕೆ ಮಾಡಿಟ್ಟು ಕೊಲ್ಲಿಗೆ ಹೋಗುತ್ತೇನೆ. ಬಾಟಲಿ ಕಟ್ಟಲು ಬರುತ್ತದೆ, ಮೀಟರ್ ಓದಲು ಬರುತ್ತದೆ. ನೀರಿನಲ್ಲಿ ಅಡಿಗೆ ಎಷ್ಟಾಯಿತೆಂದು ತಿಳಿಯುತ್ತದೆ. ಅದನ್ನು ಯಾರು ಉಣ್ಣುತ್ತಾರೆ ಎಂಬುದು ನನಗೆ ಗೊತ್ತಿಲ್ಲ. ಕಲಿಸುತ್ತೇನೆ ಎಂದವರು ಇಲ್ಲ.