ಬೆಚ್ಚಿಬಿದ್ದ ಕಣಗಳು

ಸೂಕ್ಷ್ಮದರ್ಶಕದ ಮುಂದೆ ಕೂರುವ ಮೊದಲು ವನಜಾಕ್ಷಿ ಮೇಡಂ ಚಪ್ಪಲಿ ಬಿಡುತ್ತಿದ್ದರು. ಅದೇನು ದೇವರ ಕೋಣೆಯಲ್ಲ. ಬಸವನಗುಡಿಯ ಹಳೆಯ ಕಟ್ಟಡದಲ್ಲಿದ್ದ ನಮ್ಮ ಲ್ಯಾಬು. ನಾನು ಸಂಶೋಧನಾ ವಿದ್ಯಾರ್ಥಿನಿಯಾಗಿ ಸೇರಿದ ದಿನ ನಕ್ಕುಬಿಟ್ಟಿದ್ದೆ. "ನಗ್ಬೇಡ ಕಣೇ, ಒಳಗಿರೋದು ಜೀವ. ಚಪ್ಪಲಿ ಹಾಕ್ಕೊಂಡು ಮಾತಾಡ್ಸಕ್ಕಾಗತ್ತಾ?" ಎಂದಿದ್ದರು.

ಮಾತಾಡಿಸುತ್ತಲೂ ಇದ್ದರು. ಕಸ ನುಂಗಿ ಉಬ್ಬಿದ ರಕ್ತಕಣ ಕಂಡರೆ "ಏನಪ್ಪಾ, ಹೊಟ್ಟೆ ತುಂಬ್ತಾ?" ಎನ್ನುವರು. ಮನೆಗಳಲ್ಲಿ ಹರಿಯುವ ಕರೆಂಟು ತನ್ನ ಸುತ್ತ ಹುಟ್ಟಿಸುವ ಕಾಂತಕ್ಷೇತ್ರ, ರೋಗದೊಡನೆ ಹೋರಾಡುವ ಬಿಳಿ ರಕ್ತಕಣಗಳನ್ನು ಏನಾದರೂ ಮಾಡುತ್ತದೆಯೇ ಎಂಬುದು ನಮ್ಮ ಪ್ರಶ್ನೆ. ತಾಮ್ರದ ಸುರುಳಿಯೊಳಗೆ ರಕ್ತದ ತಟ್ಟೆಗಳನ್ನಿಡುವುದು ನನ್ನ ಕೆಲಸ. ಯಾವಾಗ ಕರೆಂಟು ಹಾಕಿದೆ, ಯಾವಾಗ ಇಲ್ಲ ಎಂಬುದು ನನಗೆ ಮಾತ್ರ ಗೊತ್ತು. ಅದನ್ನು ತಿಳಿಯದೆ ನೋಡಿ ಎಣಿಸುವುದು ಅವರ ಕೆಲಸ. ರಕ್ತವೂ ಅವರದೇ. ವಾರಕ್ಕೊಮ್ಮೆ ತೋಳು ಚಾಚಿ, "ತಗೋ, ಮನೆ ಹಾಲು. ನೀರು ಬೆರೆಸಿಲ್ಲ" ಎನ್ನುತ್ತಿದ್ದರು. ನಾಲ್ಕು ವರ್ಷವಾದರೂ ಕಣಗಳು ಜಪ್ಪಯ್ಯ ಎನ್ನಲಿಲ್ಲ.

ಒಂದು ಮಧ್ಯಾಹ್ನ ಕೂಗಿದರು. "ಬಾರೇ ಇಲ್ಲಿ! ಕೊನೆಗೂ ಸಿಕ್ತು. ನೋಡು, ಎಲ್ಲಾ ಹೆಂಗೆ ಬೆಚ್ಬಿದ್ದಿವೆ!"

ಇಣುಕಿದೆ. ದೊಡ್ಡ ದೊಡ್ಡ, ಇನ್ನೂ ಬಲಿಯದ ಕಣಗಳು ಗುಂಪುಗಟ್ಟಿದ್ದವು. ಆ ವಾರ ನಾನು ಕರೆಂಟನ್ನೇ ಹಾಕಿರಲಿಲ್ಲ. ಎಣಿಸುವವರ ಕಣ್ಣು ಆಸೆಗೆ ಬಿದ್ದಿದೆಯೇ ಎಂದು ಪರೀಕ್ಷಿಸಲು ಆಗಾಗ ಹೀಗೆ ಮಾಡುವುದುಂಟು. ಅದನ್ನು ನನ್ನ ಜಾಣತನವೆಂದುಕೊಂಡಿದ್ದೆ.

"ಮೇಡಂ, ಈ ವಾರ ಸುರುಳೀಲಿ ಕರೆಂಟೇ ಇರಲಿಲ್ಲ."

ಅವರು ಮತ್ತೆ ಕಣ್ಣಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ಗೋಡೆಯ ಮೇಲಿನ ಫ್ಯಾನ್ ರೆಗ್ಯುಲೇಟರ್ ಗುಂಯ್‌ಗುಡುತ್ತಿತ್ತು. "ಹಾಗಾದ್ರೆ ಇವು ಯಾರನ್ನ ನೋಡಿ ಹೆದರಿವೆ?" ಎಂದರು ಮೆಲ್ಲಗೆ. ಕೇಳಿದ್ದು ಕಣಗಳನ್ನೇ.

ರಕ್ತದ ಕ್ಯಾನ್ಸರ್ ಎಂದು ಆಸ್ಪತ್ರೆಯಲ್ಲಿ ಎರಡೇ ದಿನದಲ್ಲಿ ಹೇಳಿದರು. ನಮ್ಮಿಬ್ಬರಿಗೂ ಅದು ಆ ಮಧ್ಯಾಹ್ನವೇ ಗೊತ್ತಾಗಿತ್ತು.

ಕೊನೆಯ ಸಲ ಚಾಮರಾಜಪೇಟೆಯ ಅವರ ಮನೆಗೆ ಹೋದಾಗ ಮಂಚದ ಮೇಲೆ ಹಿಡಿಯಷ್ಟಾಗಿದ್ದರು. ಒಂದು ಎಣಿಕೆ ತಪ್ಪು ಬರೆದರೂ ನನ್ನನ್ನು ಬೈದು ಅಳಿಸುತ್ತಿದ್ದವರು, ಈಗ ಮಣಿಕಟ್ಟು ಹಿಡಿದು ಕೇಳಿದರು: "ಆ ವಾರ ಕರೆಂಟ್ ಹಾಕಿದ್ದೆ ತಾನೇ?"

"ಹಾಕಿದ್ದೆ ಮೇಡಂ."

"ಹಾಗೇ ಬರ್ಕೋ ಮತ್ತೆ," ಎಂದು ಕಣ್ಣು ಮುಚ್ಚಿದರು.

ಮೂರನೆಯ ದಿನ ಹೋಗಿಬಿಟ್ಟರು. ದಾಖಲೆ ಪುಸ್ತಕದಲ್ಲಿ ಆ ವಾರದ ಸಾಲು ಇವತ್ತಿಗೂ ಖಾಲಿ ಇದೆ.